ಒಂದು ತಂಬಿಗೆ ನೀರು ಹೆಚ್ಚು

ಹುಂಜ ಎರಡನೆಯ ಸಲ ಕೂಗಿದೆ. ವಿಕ್ಟೋರಿಯಾ ಸರೋವರದ ಕಡೆಯಿಂದ ತಣ್ಣನೆಯ ಗಾಳಿ. ಗಂಡನನ್ನು ಮಣ್ಣು ಮಾಡಿ ನಾಲ್ಕನೆಯ ಬೆಳಗು. ಅವಿನೊ ಅಂಗಳದಲ್ಲಿ ಕಾಲು ಚಾಚಿ ಕೂತಿದ್ದಾಳೆ. ಹಿಂದೆ ಮಂಡಿಯೂರಿದ ಅಜ್ವಾಂಗ್ ಅವಳ ತಲೆಗೆ ತಂಬಿಗೆ ತುಂಬ ನೀರು ಸುರಿಯುತ್ತಾಳೆ. ಮತ್ತೊಂದು ತಂಬಿಗೆ. ಆಮೇಲೆ ಬ್ಲೇಡು.

"ಏನೇ, ತಲೆ ಬೋಳಿಸ್ತೀಯೋ, ಭತ್ತದ ನಾಟಿ ಮಾಡ್ತೀಯೋ?" ಅವಿನೊಳ ಅತ್ತೆ ರಿಸ್ಪಾ ಚುಚ್ಚುತ್ತಾಳೆ.

"ಸುಮ್ನಿರು, ಅಲೆಗೋ ಸೀಮೆಯ ಮಗಳೇ. ಬ್ಲೇಡು ಹಳೇದು, ನಾನೂ ಹಳಬಳು."

ಬ್ಲೇಡು ಹೊಸದು, ಕಾಗದ ಈಗಷ್ಟೇ ಬಿಚ್ಚಿದ್ದು. ನೀರಿನ ಗುಟ್ಟೇ ಬೇರೆ. ಹಣೆಯಿಂದ ಇಳಿದು ಕೆನ್ನೆ ತೊಯ್ದರೆ, ಅತ್ತಳೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಅವಿನೊ ನಾಲ್ಕು ದಿನದಿಂದ ಒಂದು ಹನಿಯೂ ಅತ್ತಿಲ್ಲ. ಅಳದ ಹೆಂಡತಿಯೇ ಗಂಡನನ್ನು ತಿಂದವಳು ಎಂಬುದು ಊರಿನ ನಂಬಿಕೆ. ಬೇಲಿಯಾಚೆ ಆಗಲೇ ಪಿಸುಮಾತು ಶುರುವಾಗಿದೆ.

ಅರವತ್ತು ದಾಟಿದ ಅಜ್ವಾಂಗ್‌ಗೆ ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ತಿಂಗಳಿಗೆ ನಾಲ್ಕೈದು ಸಾವಿನ ಮನೆ, ಮನೆಗೆ ಹತ್ತು ಹನ್ನೆರಡು ತಲೆ, ಕೂಲಿಗೆ ಒಂದು ಕೋಳಿ. ಪಾದ್ರಿಯ ಮಾತಿನಲ್ಲಾಗಲಿ ಹಾಡಿನಲ್ಲಾಗಲಿ ಅವಳ ಹೆಸರು ಬರುವುದಿಲ್ಲ.

ಮೊದಲೆಲ್ಲ ನೀರು ಚಿಮುಕಿಸುವುದಷ್ಟೇ ಇತ್ತು. ಆಗಲೇ, ಗಂಡ ಸತ್ತ ಮಿಲ್ಕಾ ಎಂಬವಳ ತಲೆ ಬೋಳಿಸಿದ್ದು. "ಇಡೀ ತಲೆ ಮುಗೀತು, ಇವಳ ಕಣ್ಣು ಮಾತ್ರ ಒಣ ಬಟ್ಟಲು ಅಂದ್ಬಿಟ್ಟೆ. ತಮಾಷೆಗಲ್ಲ, ನಂಬಿಯೇ ಅಂದೆ. ಅದೇ ಸಾಕ್ಷಿ ಆಯ್ತು," ಎಂದು ಬೇರೆ ಯಾರೂ ಇಲ್ಲದಾಗ ಅಜ್ವಾಂಗ್ ನನಗೆ ಹೇಳುತ್ತಾಳೆ. ವಾರದೊಳಗೆ ಗಂಡನ ಮನೆಯವರು ಮಿಲ್ಕಾಳನ್ನು ತವರಿಗೆ ಅಟ್ಟಿದರು. ಮಕ್ಕಳನ್ನು ಇಟ್ಟುಕೊಂಡರು.

ಎರಡು ವರ್ಷ ಕಳೆದು, ಮೀನಿಗೆ ಹೋದ ಅಜ್ವಾಂಗ್‌ಳ ಮಗ ಹೆಣವಾಗಿ ಬಂದ. "ಕಲ್ಲಿನ ಹಾಗೆ ಕೂತಿದ್ದೆ. ನನ್ನನ್ನ ಯಾರೂ ಏನೂ ಅನ್ಲಿಲ್ಲ, ಹೆತ್ತೋಳಲ್ವಾ! ಮೂರು ತಿಂಗಳಾದ ಮೇಲೆ ಅವನ ಚಪ್ಪಲಿಯ ಕೆಸರು ಕೆರೀತಾ ಕೂತಿದ್ದಾಗ ಬಂತು ನೋಡು ಅಳು, ನಿಲ್ಲಲೇ ಇಲ್ಲ. ಆಗ ಮಿಲ್ಕಾ ನೆನಪಾದ್ಲು."

ಮರುದಿನವೇ ಅಜ್ವಾಂಗ್ ಮಿಲ್ಕಾಳ ತವರಿಗೆ ನಡೆದುಹೋದಳು. ಮಿಲ್ಕಾ ಚಾಪೆ ಹಾಸಿದಳು, ಗಂಜಿ ಕೊಟ್ಟಳು, "ಮಕ್ಕಳು ಎತ್ತರ ಆಗಿದ್ದಾರಾ?" ಎಂದಷ್ಟೇ ಕೇಳಿದಳು.

"ಊರಿಗೆ ಬಂದು, ನಾನು ಅಂದದ್ದು ತಪ್ಪು ಅಂತ ಹಿರಿಯರ ಮುಂದೆ ಹೇಳ್ದೆ. ನಕ್ಕರು. ಮೊದಲನೇ ಮಾತು ಎಲ್ರೂ ನಂಬಿದ್ರು, ಎರಡನೇದು ಯಾರಿಗೂ ಬೇಡ."

ಅವಿನೊಳ ತಲೆ ಮುಗಿಯುತ್ತದೆ. ಹೆಂಗಸರು ಬಗ್ಗಿ ಮುಖ ನೋಡುತ್ತಾರೆ. ತೊಯ್ದ ಕೆನ್ನೆ ಕಂಡು ರಿಸ್ಪಾಳ ಕಣ್ಣೂ ತುಂಬುತ್ತದೆ. "ಅಳು ಮಗಳೇ, ಅತ್ತುಬಿಡು."

ಹೆಂಗಸರು ಹೋದ ಮೇಲೆ, ನಿಮಗೇನಾದರೂ ಆಸೆ ಇದೆಯೇ ಎಂದು ನಾನು ಕೇಳಿದರೆ ಅಜ್ವಾಂಗ್ ಬ್ಲೇಡು ಒರೆಸಿ ಕಾಗದದಲ್ಲಿ ಸುತ್ತುತ್ತಾಳೆ.

"ಆಸೆ ಏನಮ್ಮಾ... ಮಿಲ್ಕಾಳ ತಲೆಗೆ ಅವತ್ತು ಒಂದು ತಂಬಿಗೆ ನೀರು ಹೆಚ್ಚು ಹಾಕಿದ್ರೆ ಸಾಕಿತ್ತು."