ಅಕ್ಕ ಕಳೆದುಕೊಳ್ಳದ ಚೀಟಿ

ಅಕ್ಕನ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಅದಿರಬೇಕಾದ ಜಾಗದಲ್ಲಿ ಹುಣಸೆ ಬೀಜದಷ್ಟಗಲ ನುಣ್ಣನೆಯ ಬಿಳಿ ಚರ್ಮವಿತ್ತು. ಚಳಿಗಾಲ ಬಂದರೆ ಬಿರಿಯುತ್ತಿತ್ತು. ಆಗ ಹರಳೆಣ್ಣೆ ಸವರಿ ಹಳೆಯ ಸೀರೆಯ ಚಿಂದಿ ಸುತ್ತಿಕೊಳ್ಳುತ್ತಿದ್ದಳು. ಆ ಉಗುರು ಹೋದದ್ದು ನನ್ನಿಂದ. ನನಗೆ ಆರು ವರ್ಷವಿದ್ದಾಗ, ಬೇಡವೆಂದರೂ ಕೇಳದೆ ಒರಳಿನ ಗುಂಡನ್ನು ಎತ್ತಲು ಹೋಗಿ ಅವಳ ಕಾಲ ಮೇಲೆ ಕೆಡವಿದ್ದೆ. ಅಪ್ಪ ಹುಣಸೆ ಬರಲು ಹಿಡಿದು ಬಂದಾಗ ಅಕ್ಕ ಅಳುತ್ತಲೇ, ‘ನಾನೇ ಬೀಳುಸ್ಕಂಡಿ ಕಣಪ್ಪ’ ಅಂದಳು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಮುಂದೆ ಬಂದು ನಿಜ ಹೇಳಲಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ನನ್ನ ಅಕ್ಷರವೆಲ್ಲ ಅಕ್ಕನದೇ. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು, ಎಸ್ಸೆಸ್ಸೆಲ್ಸಿ ಪಾಸಾದವಳು. ಅಂಗಡಿಯಿಂದ ಸಾಮಾನು ಕಟ್ಟಿಕೊಂಡು ಬಂದ ಪೇಪರನ್ನು ನಿಂತಲ್ಲೇ ಬಿಡಿಸಿ ಓದುತ್ತಿದ್ದಳು. ಸುದ್ದಿ ಅರ್ಧಕ್ಕೆ ಹರಿದುಹೋಗಿದ್ದರೆ ಉಳಿದರ್ಧವನ್ನು ತಾನೇ ಕಟ್ಟಿ ನನಗೆ ಹೇಳುತ್ತಿದ್ದಳು. ಹಸುವಿನ ಹಾಲು ಡೈರಿಗೆ ಹಾಕುವುದಕ್ಕೆ ಸಹಿ ಬೇಕು ಅಂದಾಗ, ಒಂದು ಭಾನುವಾರವೆಲ್ಲ ಕೂರಿಸಿಕೊಂಡು ನನ್ನ ಸಹಿಯನ್ನು ತಿದ್ದಿಸಿದವಳು ಅವಳು. ‘ಎಸ್ರು ಬರಿಯೋವಾಗ ಕೈ ನಡುಗ್ಬಾರ್ದು ಕಣ್ಲಾ, ನಿನ್ನ ಎಸ್ರು ತಾನೇ’ ಅನ್ನುತ್ತಿದ್ದಳು.

ಅವಳನ್ನು ತಾಳವಾಡಿ ಕಡೆಗೆ ಕೊಟ್ಟಿದ್ದರು. ನಾಲ್ಕನೇ ವರ್ಷಕ್ಕೆ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ, ತಿರುಗಿ ಬಂದಳು. ಗುಂಡ್ಲುಪೇಟೆಗೆ ಎರಡು ಮೈಲಿ ದೂರದ ನಮ್ಮೂರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿದಳು. ಊರಿನ ಅರ್ಧ ಮಕ್ಕಳ ಮೂಗು ಒರೆಸಿದ್ದು ಅವಳ ಸೆರಗು. ಮನೆಯಲ್ಲಿ ಅವಳಿಗೆ ಜಾಗವಿಲ್ಲ ಎಂದು ನಾನು ಯಾವತ್ತೂ ಹೇಳಲಿಲ್ಲ. ಇದೆ ಎಂದೂ ಹೇಳಲಿಲ್ಲ.

ಆಮೇಲೆ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಎಂಬ ಕಾನೂನು ಬಂತು. ನಮ್ಮೂರಿನಲ್ಲಿ ಅದನ್ನು ಓದಿದವರು ಕಡಿಮೆ, ಹೆದರಿದವರು ಜಾಸ್ತಿ. ರಾಖಿ ಕಟ್ಟಿಸಿಕೊಂಡ ಕೈಯಲ್ಲೇ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡು ಬಂದರು. ಟೀ ಅಂಗಡಿಯಲ್ಲಿ ಒಬ್ಬ ನನ್ನ ಕಡೆ ತಿರುಗಿ, ‘ಏನ್ಲಾ, ನಿಮ್ಮಕ್ಕನ ತಾವ ಸೈನ್ ಆಕುಸ್ಕಂಡ್ಯಾ? ಓದಿರೋಳು ಕಣ್ಲಾ ಅವ್ಳು. ಪಹಣಿ ಎಲ್ಲಾ ಈಗ ಕಂಪ್ಯೂಟ್ರಲ್ಲಿ ಅದ, ಒಂದು ಬಟನ್ ಒತ್ತುದ್ರ ನಿನ್ನ ಎಸ್ರು ಓಯ್ತದ’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಗುಮಾನಿ ಹೊಟ್ಟೆಗೆ ಇಳಿದದ್ದು ಆ ಟೀ ಜೊತೆಯಲ್ಲೇ.

ಅದೇ ದಿನಗಳಲ್ಲಿ ಅಕ್ಕ ಗುಂಡ್ಲುಪೇಟೆಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಸೆಂಟರಿಗೆ ಹೋಗುತ್ತಾಳೆ ಎಂದು ಕಿವಿಗೆ ಬಿತ್ತು. ಮೆಡಿಕಲ್ ಶಾಪಿನ ಮೇಲಿನ ಮಹಡಿ, ಹಲಗೆ ಹೊಡೆದು ಮಾಡಿದ ನಾಲ್ಕು ಗೂಡು, ಗೂಡಿಗೊಂದು ಪರದೆ. ನಡೆಸುವವನು ಕೇರಳದ ಕಡೆಯವನು. ಪರದೆ ಯಾಕೆ, ಅಲ್ಲಿ ಇವಳಿಗೇನು ಕೆಲಸ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಕೇಳದೆ ಕಾಯುವುದೇ ಜಾಣತನ ಎಂದುಕೊಂಡೆ.

ಆಗ ನನಗೆ ಗೊತ್ತಿರದ ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಕಿವಿ ಕೇಳದ ಮಕ್ಕಳ ಒಂದು ವಸತಿ ಶಾಲೆಯಿತ್ತು. ಅಲ್ಲಿ ಮಕ್ಕಳ ಜೊತೆಯಲ್ಲೇ ಇದ್ದು ನೋಡಿಕೊಳ್ಳುವ ಹೆಂಗಸು ಬೇಕಾಗಿದ್ದಳು. ಸಂಬಳ, ಊಟ, ಇರುವುದಕ್ಕೊಂದು ಕೋಣೆ. ಅಕ್ಕ ಅಂಗನವಾಡಿ ತರಬೇತಿಗೆ ಹೋಗಿದ್ದಾಗ ಯಾರೋ ಮೇಡಂ ಹೇಳಿದ್ದರು. ಅಕ್ಕ ಅರ್ಜಿ ಹಾಕಿದ್ದಳು, ಹೋಗಿ ಮಾತಾಡಿಯೂ ಬಂದಿದ್ದಳು. ಆಯ್ಕೆಯಾದರೆ ಮೇಲ್ ಬರುತ್ತದೆ, ಬಂದ ಮೂರು ದಿನದೊಳಗೆ ಒಪ್ಪಿಗೆ ಬರೆಯಬೇಕು ಎಂದಿದ್ದರು. ಮನೆಯ ಫೋನು ನಂಬರು ಕೊಟ್ಟಿರಲಿಲ್ಲ, ಎತ್ತುವವನು ನಾನು ತಾನೇ. ಖಾತ್ರಿಯಾದ ಮೇಲೆ ಹೇಳೋಣ ಎಂದಿದ್ದಳಂತೆ. ನನ್ನ ಹೊಲಕ್ಕೆ ಹೊಂಚು ಹಾಕಿದ್ದಾಳೆ ಎಂದು ನಾನು ತಿಳಿದಿದ್ದ ಅಕ್ಕ ನನ್ನ ಮನೆಯಿಂದ ಹೊರಡುವುದಕ್ಕೆ ದಾರಿ ಹುಡುಕುತ್ತಿದ್ದಳು.

ಆ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ತಂಡದಲ್ಲಿ ಅಕ್ಕನೂ ಹೊರಟಳು. ಹರಕೆ ಅಕ್ಕನದು, ನನ್ನ ಹೆಂಡತಿಯ ಬಸಿರಿಗಾಗಿ. ಎರಡು ಸಲ ಹೊಟ್ಟೆಯಲ್ಲಿ ನಿಲ್ಲದೆ, ಮೂರನೆಯದು ಏಳು ತಿಂಗಳಿಗೆ ಬಂದಿತ್ತು. ‘ಕೂಸು ನೆಟ್ಟಗ ಉಟ್ಲಿ, ನಾ ನಡಿತಿನಿ’ ಎಂದು ಅಕ್ಕ ಮುಡುಪು ಕಟ್ಟಿದ್ದಳು. ಬೆಟ್ಟ ಮುಟ್ಟುವ ತನಕ ಕಾಲಿಗೆ ಚಪ್ಪಲಿಯಿಲ್ಲ, ಗಾಲಿ ಇರುವ ಯಾವುದನ್ನೂ ಹತ್ತುವಂತಿಲ್ಲ. ಐದಾರು ದಿನದ ದಾರಿ. ನಾನೂ ಹೊರಟೆ. ಅಕ್ಕನಿಗೆ ಜೊತೆ ಎಂದು ಊರಿಗೆ ಹೇಳಿದೆ.

ಬೆಳಿಗ್ಗೆ ಗುಂಡ್ಲುಪೇಟೆ ದಾಟುವಾಗ, ಒಂದು ಗಳಿಗೆ ಇರಿ ಎಂದು ತಂಡವನ್ನು ನಿಲ್ಲಿಸಿ ಆ ಮಹಡಿ ಹತ್ತಿ ಹೋದಳು. ಕೆಳಗಿಳಿದು ಬಂದಾಗ ಕೈಯಲ್ಲೊಂದು ಕಾರ್ಡಿತ್ತು. ಸೆಂಟರಿನವನು ಮೆಟ್ಟಿಲ ತನಕ ಬಂದು, ಚಾಮರಾಜನಗರದಲ್ಲೂ ಸೆಂಟರ್ ಉಂಟು, ಇದು ತೋರಿಸಿದರೆ ಸಾಕು, ಕಳೆಯಬೇಡಿ ಎಂದು ಹೇಳಿದ್ದು ನನಗೆ ಕೇಳಿಸಿತು. ಅಕ್ಕ ಅದನ್ನು ಬಟ್ಟೆ ಚೀಲದೊಳಗೆ, ವಿಭೂತಿ ಗಟ್ಟಿಯ ಪೊಟ್ಟಣಕ್ಕೆ ಸೇರಿಸಿಟ್ಟಳು. ಮುಖದಲ್ಲಿ ಸಣ್ಣ ನಗುವಿತ್ತು. ಆ ನಗುವನ್ನು ನಾನು ತೆರಕಣಾಂಬಿಯ ತನಕ ಲೆಕ್ಕ ಹಾಕಿಕೊಂಡು ನಡೆದೆ.

ದಾರಿಯುದ್ದಕ್ಕೂ ಅರಿಶಿನ ಬೇಯಿಸುವ ವಾಸನೆ. ಅಕ್ಕ ಹೆಂಗಸರ ಜೊತೆ ಮುಂದೆ, ಬರಿಗಾಲು, ಬಿಸಿಲು. ಎಡಗಾಲನ್ನು ಸ್ವಲ್ಪ ಹೊರಕ್ಕೆ ಇಟ್ಟು ನಡೆಯುತ್ತಿದ್ದಳು. ತೆರಕಣಾಂಬಿಯಲ್ಲಿ ಟೆಲಿಫೋನ್ ಬೂತಿನವನನ್ನು ಇಂಟರ್ನೆಟ್ ಇದೆಯೇ ಎಂದು ಕೇಳಿದಳು. ಬೆಟ್ಟಕ್ಕೆ ಹೋಗುವ ಹೆಂಗಸಿಗೆ ಇಂಟರ್ನೆಟ್ಟಾ ಎಂದು ಅವನು ನಕ್ಕ. ‘ಮಾದಪ್ಪನ್ಗ ಒಂದು ಕಾಗ್ದ ಬರಿಬೇಕಿತ್ತು ಕಣಪ್ಪ’ ಎಂದು ಅವಳೂ ನಕ್ಕಳು. ನನಗೆ ನಗು ಬರಲಿಲ್ಲ.

ಮಾರನೆಯ ಬೆಳಿಗ್ಗೆ ಹೆಂಗಸರು ಸ್ನಾನಕ್ಕೆ ಹೋದಾಗ ನಾನು ಚೀಲಕ್ಕೆ ಕೈ ಹಾಕಿದೆ. ಕಾರ್ಡಿನ ಹಿಂದೆ ಒಂದು ಸಾಲು ಇಂಗ್ಲಿಷು, ನನಗೆ ಓದಲು ಬರಲಿಲ್ಲ. ಅದರ ಕೆಳಗೆ ಅಂಕಿಗಳು, ಅವು ಬಂದವು. 214, ಪಕ್ಕದಲ್ಲಿ ಮತ್ತೆ 214. ಅದು ನಮ್ಮ ಹೊಲದ ಸರ್ವೆ ನಂಬರು. ಅಪ್ಪನನ್ನು ಮಣ್ಣು ಮಾಡಿದ್ದು ಅಲ್ಲಿ. ಒಂದು ನಂಬರನ್ನು ಎರಡು ಸಲ ಯಾಕೆ ಬರೆಯುತ್ತಾರೆ? ಎರಡು ಪಾಲು ಮಾಡುವುದಕ್ಕಲ್ಲದೆ? ಕಾರ್ಡನ್ನು ಒಳಜೇಬಿಗೆ ಇಟ್ಟುಕೊಂಡೆ.

ಚಾಮರಾಜನಗರ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ತಂಡ ಗುಡಿಯ ಅಂಗಳದಲ್ಲಿ ನೆರಳಿಗೆ ಕೂತಿತು. ಅಕ್ಕ ಕೂರಲಿಲ್ಲ. ಕೇಳಿಕೊಂಡು ಕೇಳಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸೆಂಟರ್ ಹುಡುಕಿದಳು. ನಾನು ಹಿಂದೆಯೇ ಹೋದೆ. ಬಾಗಿಲಲ್ಲಿ ಚಪ್ಪಲಿ ಹೊರಗೆ ಬಿಡಿ ಎಂಬ ಬೋರ್ಡಿತ್ತು. ಒಳಗಿದ್ದವನು ಅವಳ ಕಾಲು ನೋಡಿದ. ‘ಊರಲ್ಲೇ ಬುಟ್ಟು ಬಂದಿನಿ ಸ್ವಾಮಿ’ ಅಂದಳು. ಅವನು ನಕ್ಕು ಕುರ್ಚಿ ಕೊಟ್ಟ. ಆಮೇಲೆ ಚೀಲಕ್ಕೆ ಕೈ ಹಾಕಿದಳು.

ಪೊಟ್ಟಣ ಬಿಚ್ಚಿದಳು. ಚೀಲವನ್ನು ಕೌಂಟರಿನ ಮೇಲೆ ಬರಿದು ಮಾಡಿದಳು. ಸೀರೆ ಕೊಡವಿದಳು. ಪುರಿ ಗಂಟನ್ನೂ ಬಿಚ್ಚಿ ನೋಡಿದಳು. ಸೆಂಟರಿನವನು ಪಾಪ, ಹೆಸರು ಹೇಳಿಸಿ ಹೇಳಿಸಿ ನಾಲ್ಕಾರು ಬಗೆಯಲ್ಲಿ ಹೊಡೆದು ನೋಡಿದ. ಮೇಲ್ ವಿಳಾಸದಲ್ಲಿ ಹೆಸರಿನ ಜೊತೆಗೆ ಮಿಷನ್ನು ತಾನೇ ಏನೇನೋ ಸೇರಿಸಿಕೊಟ್ಟಿತ್ತಂತೆ, ಅದು ಅವಳಿಗೆ ನೆನಪಿಲ್ಲ. ಗುಂಡ್ಲುಪೇಟೆಯವನ ಫೋನ್ ನಂಬರೂ ಆ ಕಾರ್ಡಿನಲ್ಲೇ.

‘ಕೆಳಗಿಂದು, ಪಾಸ್ವರ್ಡು, ಬಾಯಲ್ಲೇ ಅದ ಸ್ವಾಮಿ’ ಅಂದಳು ಅಕ್ಕ. ‘ಇನ್ನೂರ ಹದಿನಾಲ್ಕು, ಎರಡು ಸತಿ. ಆರು ಅಂಕಿ ಬೇಕು, ಮರಿದೇ ಇರೋದು ಹೇಳು ಅಂದ್ರು. ನಮ್ಮಪ್ಪ ಮಲ್ಗಿರೋ ಹೊಲದ ನಂಬರ್ ಕೊಟ್ಟಿ. ಮ್ಯಾಲ್ಗಡಿಂದೇ ಗೆಪ್ತಿಲಿಲ್ಲ.’

ಬಾಗಿಲಲ್ಲಿ ನಿಂತು ನಾನಿದನ್ನು ಕೇಳಿದೆ. ಗುಡಿಯ ಅಂಗಳಕ್ಕೆ ವಾಪಸು ಬಂದು ಅವಳು ಎಲ್ಲರೆದುರು ಚೀಲವನ್ನು ಮತ್ತೆರಡು ಸಲ ಕೊಡವಿದಳು. ತಂಡದ ಹಿರಿಯರಾದ, ಮಾದಪ್ಪನ ಪೂಜೆ ಮಾಡುವ ತಮ್ಮಡಿಯವರಿಗೆ ಎಲ್ಲ ಹೇಳಿಕೊಂಡಳು: ಕಿವುಡು ಮಕ್ಕಳ ಶಾಲೆ, ಕೋಣೆ, ಮೂರು ದಿನ. ಅದನ್ನೂ ಕೇಳಿದೆ. ಕೇಳಿಯೂ ನಂಬಲಿಲ್ಲ. ಓದಿದವಳು, ಕಥೆ ಕಟ್ಟುವುದು ಅವಳಿಗೆ ಕಷ್ಟವೇ, ಹರಿದ ಪೇಪರಿನ ಉಳಿದರ್ಧ ಕಟ್ಟಿದವಳಲ್ಲವೇ ಎಂದುಕೊಂಡೆ.

ತಮ್ಮಡಿಯವರು, ‘ಬಸ್ಸತ್ಕಂಡು ಓಗ್ಬುಟ್ಟು ಬಾ ಕೂಸೇ, ಒಂದು ಗಂಟ ದಾರಿ. ತಪ್ಪು ಕಾಣ್ಕ ಆಕುದ್ರಾಯ್ತು, ಮಾದಪ್ಪ ಏನೂ ಅನ್ಕಳಕಿಲ್ಲ’ ಅಂದರು. ಅಕ್ಕ ಎದ್ದು ಬಸ್‌ಸ್ಟ್ಯಾಂಡಿಗೆ ನಡೆದಳು. ಗುಂಡ್ಲುಪೇಟೆ ಬಸ್ಸು ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಮೆಟ್ಟಿಲ ಮುಂದೆ ನಿಂತು ಕಂಬಿ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

‘ನೀ ಏನಂದೈಲಾ? ಬಸ್ಸತ್ಲಾ?’

ಕಾರ್ಡು ನನ್ನ ಎದೆಯ ಬೆವರಿಗೆ ಅಂಟಿಕೊಂಡಿತ್ತು. ‘ಅರಕ ನಿಂದು. ನಾಳಕ ಕೂಸ್ಗ ಏನಾರ ಆದ್ರ ನನ್ನ ಕೇಳ್ಬ್ಯಾಡ’ ಅಂದೆ.

ಅವಳು ಕಂಬಿ ಬಿಟ್ಟಳು. ‘ಉಟ್ಟೋ ಕೂಸ್ಗಿಂತ ಕೆಲ್ಸ ದೊಡ್ದಾ, ನಡಿ’ ಅಂದಳು. ಬಸ್ಸು ಹೋಯಿತು.

ಸಂತೇಮರಹಳ್ಳಿಯ ದಾರಿಯಲ್ಲಿ ನನಗೆ ಅವಳ ಮಾತಿನಲ್ಲಿ ನಂಬಿಕೆ ಬಂತು. ಮುಂದೆ ನಡೆಯುತ್ತಿದ್ದ ಅಕ್ಕ ದಾರಿಬದಿಯ ಪೇಪರ್ ಚೂರುಗಳನ್ನೆಲ್ಲ ಕಾಲಲ್ಲಿ ತಿರುಗಿಸಿ ನೋಡುತ್ತಿದ್ದಳು. ತೆರಕಣಾಂಬಿಯಲ್ಲಿ ಬಿದ್ದಿರಬಹುದಾದ ಕಾರ್ಡು ಅಲ್ಲಿ ಸಿಗುವುದಿಲ್ಲ ಎಂದು ಅವಳಿಗೂ ಗೊತ್ತು. ಆದರೂ ತಿರುಗಿಸುತ್ತಿದ್ದಳು. ಸುಳ್ಳು ಹೇಳುವವರು ಹಾಗೆ ಮಾಡುವುದಿಲ್ಲ.

ಇನ್ನೂ ದಿನವಿತ್ತು. ಮುಂದೆ ಕೊಳ್ಳೇಗಾಲದಲ್ಲಿ ಸೆಂಟರ್‌ಗಳಿದ್ದವು. ಕಾರ್ಡನ್ನು ಅವಳ ಚೀಲಕ್ಕೆ ಮೆಲ್ಲಗೆ ಹಾಕಿಬಿಡಬಹುದಿತ್ತು. ಹಾಕಲೆಂದು ಎರಡು ಸಲ ಚೀಲದ ಹತ್ತಿರ ಕೂತೆ. ಆದರೆ ಆ ಚೀಲವನ್ನು ಎಲ್ಲರೆದುರು ಮೂರು ಸಲ ಕೊಡವಿಯಾಗಿತ್ತು. ಈಗ ಸಿಕ್ಕರೆ ಇಟ್ಟವರು ಯಾರು ಎಂದು ತಿಳಿಯುತ್ತಿತ್ತು. ಅಕ್ಕನ ಕೆಲಸಕ್ಕಿಂತ ನನಗೆ ನನ್ನ ಮುಖ ದೊಡ್ಡದಾಯಿತು. ಕೊಳ್ಳೇಗಾಲವನ್ನೂ ದಾಟಿದೆವು. ಬೆಟ್ಟದಲ್ಲಿ ಎಲ್ಲರೂ ಉಘೇ ಎನ್ನುವಾಗ ನಾನು ಕಾರ್ಡನ್ನು ನಾಕಾಣೆ ಅಗಲಕ್ಕೆ ಮಡಿಚಿ ಹುಂಡಿಗೆ ಹಾಕಿದೆ. ದೇವರಿಗೆ ಒಪ್ಪಿಸಿದೆ ಎಂದುಕೊಂಡೆ. ಒಪ್ಪಿಸಲಿಲ್ಲ, ಬಚ್ಚಿಟ್ಟೆ.

ಊರಿಗೆ ಬಂದ ದಿನವೇ ಅಕ್ಕ ಗುಂಡ್ಲುಪೇಟೆಗೆ ಹೋದಳು. ಕೇರಳದವನ ಪುಸ್ತಕದಲ್ಲಿ ಅವಳ ಮೇಲ್ ವಿಳಾಸವಿತ್ತು. ಮೇಲ್ ಬಂದಿತ್ತು. ನಾವು ಚಾಮರಾಜನಗರದಲ್ಲಿದ್ದ ದಿನವೇ ಬಂದಿತ್ತು. ಒಪ್ಪಿಗೆ ಬರೆದಳು. ಬೇರೆಯವರನ್ನು ತೆಗೆದುಕೊಂಡೆವು ಎಂದು ಉತ್ತರ ಬಂತು. ಮನೆಗೆ ಬಂದವಳು ಸೌದೆ ಒಲೆಯ ಮುಂದೆ ಕೂತು, ‘ನನ್ನ ಕಣ್ಣು ಎಲ್ಲೋ ಇತ್ತು ಬುಡು’ ಅಂದಳು.

ಎರಡು ತಿಂಗಳಿಗೆ ಮಗಳು ಹುಟ್ಟಿದಳು. ನೆಟ್ಟಗೆ ಹುಟ್ಟಿದಳು. ಆ ಬೇಸಿಗೆಯಲ್ಲಿ ಅಕ್ಕ, ನಾನು ಕೇಳುವ ಮೊದಲೇ, ‘ಸೈನ್ ಬೇಕಲ್ವಾ ನಿಂಗ, ಬಾ ಓಗನ’ ಅಂದಳು. ಟೀ ಅಂಗಡಿಯ ಮಾತು ಅವಳ ಕಿವಿಗೂ ಬಿದ್ದಿತ್ತು. ನಾನು ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಪತ್ರದ ಮೇಲೆ ಅವಳ ಸಹಿ ಬಿತ್ತು, ಅವಳೇ ಕಲಿಸಿದ ನನ್ನ ಸಹಿಯೂ ಬಿತ್ತು. ನನ್ನ ಕೈ ನಡುಗಿತು. ಅವಳದು ನಡುಗಲಿಲ್ಲ. ಹೊರಗೆ ಬಂದ ಮೇಲೆ ಒಂದೇ ಮಾತು ಕೇಳಿದಳು: ಅಪ್ಪನ ಮಗ್ಗುಲಲ್ಲಿ ಒಂದಾಳುದ್ದ ಜಾಗ ಬಿಟ್ಟು ಉಳು.

ಮಗಳನ್ನು ಬೆಳೆಸಿದವಳು ಅವಳು. ಪೆನ್ಸಿಲು, ಟೋಪಿ, ಟಿಫಿನ್ ಡಬ್ಬಿಯ ಮುಚ್ಚಳ, ಏನು ಕಳೆದರೂ, ‘ಅತ್ತೆ ಚೀಟಿ ಕಳ್ಕಂಡಂಗ ಕಳ್ಕಬ್ಯಾಡ ಕಣಮ್ಮಿ’ ಎಂದು ತನ್ನನ್ನೇ ಆಡಿಕೊಳ್ಳುತ್ತಿದ್ದಳು. ಅದು ಮನೆಯ ಮಾತಾಯಿತು. ನನ್ನ ಹೆಂಡತಿ ಆಡಿದಳು, ನೆಂಟರು ಆಡಿದರು. ಪ್ರತಿ ಸಲವೂ ನಾನು ಅಲ್ಲಿಯೇ ಇದ್ದೆ. ಉಣ್ಣುತ್ತಿದ್ದೆ, ಇಲ್ಲವೇ ಹಗ್ಗ ಹೊಸೆಯುತ್ತಿದ್ದೆ.

ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಅಕ್ಕ ಕಾಮಾಲೆಯಾಗಿ ತೀರಿಕೊಂಡಳು. ಮಣ್ಣಿಗಿಡುವ ಮುಂಚೆ ಕಾಲು ತೊಳೆದವನು ನಾನು. ಹೆಬ್ಬೆರಳನ್ನು ತೊಳೆಯುವಾಗ ಒಂದು ಯೋಚನೆ ಬಂತು, ಇವತ್ತಿಗೂ ಬಿಟ್ಟಿಲ್ಲ. ಗುಂಡುಕಲ್ಲು ಬಿಟ್ಟವನು ಯಾರೆಂದು ಅವಳಿಗೆ ಗೊತ್ತಿದ್ದೇ ‘ನಾನೇ’ ಅಂದಿದ್ದಳು. ಕಣ್ಣು ಎಲ್ಲೋ ಇತ್ತು ಎಂದಾಗಲೂ ಗೊತ್ತಿತ್ತೇ? ಜೀವಮಾನವೆಲ್ಲ ಅವಳ ಮೇಲೆ ಗುಮಾನಿ ಪಟ್ಟವನು ನಾನು. ಈಗ ಉಳಿದಿರುವ ಗುಮಾನಿ ಇದೊಂದೇ, ತೀರಿಸುವವರಿಲ್ಲ.

ಪಹಣಿಯಲ್ಲಿ ಇನ್ನೂರ ಹದಿನಾಲ್ಕಕ್ಕೆ ನನ್ನೊಬ್ಬನ ಹೆಸರೇ ಇದೆ. ಅಪ್ಪನ ಮಗ್ಗುಲಲ್ಲಿ ಅಕ್ಕ ಮಲಗಿದ್ದಾಳೆ. ಮೊನ್ನೆ ಮಗಳು ಕಾಲೇಜಿನ ಫಾರಂ ತುಂಬುತ್ತಾ ಪಾಸ್‌ವರ್ಡನ್ನು ಅಂಗೈ ಮೇಲೆ ಬರೆದುಕೊಂಡಳು. ಯಾಕಮ್ಮ ಎಂದರೆ, ಅತ್ತೆ ಥರ ಚೀಟಿ ಕಳೆದುಕೊಳ್ಳಬಾರದಲ್ಲಪ್ಪ ಎಂದು ನಕ್ಕಳು. ಅದಕ್ಕೇ ಬರೆದಿದ್ದೇನೆ, ಅವಳು ಓದಲಿ ಎಂದು.

ಮಗಳೇ, ನಿಮ್ಮತ್ತೆ ಚೀಟಿ ಕಳೆದುಕೊಳ್ಳಲಿಲ್ಲ.