ಹೊಂಡಕ್ಕೆ ಹೊದಿಸಿದ ಟಾರ್ಪಾಲು

ಮರಳವಾಡಿಯ ಚಿಕ್ಕಲಕ್ಷ್ಮಮ್ಮ ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವಳು. ಚಳಿ ಎಂದರೆ ಅವಳಿಗೆ ಜೀವ ಹೋಗುವಷ್ಟು ಭಯ. ಹಿಂದಿನ ವರ್ಷ ಒಂದು ಸಂಜೆ ಹುಳುಮನೆಯ ಕಿಟಕಿ ಮುಚ್ಚಲು ಮರೆತಿದ್ದಳು. ಗೂಡು ಕಟ್ಟಬೇಕಿದ್ದ ಹುಳುಗಳು ಮಂಕರಿಗಟ್ಟಲೆ ಸತ್ತು ತಿಪ್ಪೆ ಸೇರಿದವು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈ ಸಲ ಗಂಡ ಮರಿಯಪ್ಪ ಕಾಲು ಮುರಿದುಕೊಂಡು ಕನಕಪುರದಲ್ಲಿ ಆಸ್ಪತ್ರೆ ಸೇರಿದ್ದ. ಹಿತ್ತಲ ಹೊಂಡದಲ್ಲಿ ಅವನು ಬೆರಳುದ್ದದ ಮರಿಗಳಿಂದ ಸಾಕಿದ ಕಾಟ್ಲಾ ಮೀನುಗಳು ಅವಳ ಪಾಲಿಗೆ ಬಂದವು. "ಮೀನು ಜೋಪಾನ ಕಣೇ" ಎಂದಷ್ಟೇ ಹೇಳಿ ಆಟೋ ಹತ್ತಿದ್ದ.

ಪುಷ್ಯದ ಚಳಿ ಬಿತ್ತು. ತೌಡು ಹಾಕಿದೊಡನೆ ಮುತ್ತಿಕೊಳ್ಳುತ್ತಿದ್ದ ಮೀನುಗಳು ಮೇಲೆ ಬರುವುದನ್ನೇ ಬಿಟ್ಟವು. ಅವಳು ಇನ್ನೆರಡು ಬೊಗಸೆ ತೌಡು ಸುರಿದಳು. ಬರಲಿಲ್ಲ. ಆಗ ತನಗೆ ಗೊತ್ತಿದ್ದ ಒಂದೇ ಉಪಾಯ ಹೂಡಿದಳು. ಹುಳುಮನೆಗೆ ಕಟ್ಟುವ ಟಾರ್ಪಾಲನ್ನು ತಂದು ಹೊಂಡದ ಉದ್ದಗಲಕ್ಕೂ ಎಳೆದು, ಗಾಳಿ ನುಸುಳದಂತೆ ಅಂಚಿಗೆಲ್ಲ ಕಲ್ಲು ಹೇರಿದಳು. ಮೀನು ಹುಳುವಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಇದ್ದಿದ್ದರೂ ನಮ್ಮ ಚಿಕ್ಕಲಕ್ಷ್ಮಮ್ಮ ಕೇಳುವವಳಲ್ಲ, ಆ ಮಾತು ಬೇರೆ.

ಮೂರನೇ ಬೆಳಿಗ್ಗೆ ಒಂದು ಮೂಲೆ ಎತ್ತಿ ನೋಡಿದಳು. ಕೊಳೆತ ತೌಡಿನ ವಾಸನೆ ಮೂಗಿಗೆ ಹೊಡೆಯಿತು. ಮೀನುಗಳೆಲ್ಲ ಮೇಲೇ ಇದ್ದವು, ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತ. ಎರಡು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮತ್ತೆ ನನ್ನ ಕೈಯಿಂದಲೇ ಹೋದವಲ್ಲ ಎಂದು ಕಿರುಚಿಕೊಂಡಳು.

ಬೇಲಿಯಾಚೆ ಹೋಗುತ್ತಿದ್ದ ಮುನಿರಾಮಯ್ಯ, ಕೆರೆಯಲ್ಲಿ ಬಲೆ ಬೀಸುವವನು, ಓಡಿಬಂದ.

"ಅಯ್ಯೋ ಚಿಕ್ಲಕ್ಷ್ಮಕ್ಕ, ಉಸುರು ಕಟ್ಟಿಸ್ಬುಟ್ಟಿದ್ದೀಯಲ್ಲ! ಕಿತ್ತಾಕು ಅದ್ನ!"

"ಚಳಿಗೆ ಸತ್ತೋಯ್ತವೆ ಅಂತ ಕಣಣ್ಣ…"

"ಚಳಿಗೆ ಮೀನು ತಳಕ್ಕೋಗಿ ಸುಮ್ಕೆ ಬಿದ್ದಿರ್ತವೆ. ಅಲ್ಲಿ ನೀರು ಒಸಿ ಬೆಚ್ಗಿರ್ತದೆ. ಹೊಟ್ಟೆಗೂ ಏನೂ ಬ್ಯಾಡ. ನೀನಾಕಿದ ತೌಡು ಕೊಳ್ತು ನೀರ್ನಾಗಿನ ಗಾಳೀನೆಲ್ಲ ತಿಂದಾಕೈತೆ."

ಕರೆಂಟಿರಲಿಲ್ಲ, ಮೋಟಾರಿನ ಮಾತೇ ಇಲ್ಲ. ಟಾರ್ಪಾಲು ಕಿತ್ತೆಸೆದು, ಇಬ್ಬರೂ ಹೊಂಡದ ನೀರನ್ನೇ ಬಕೆಟ್ಟಿನಲ್ಲಿ ಮೊಗೆದು, ಗಾಳಿ ಸೇರಲೆಂದು ತಲೆಯೆತ್ತರದಿಂದ ಮತ್ತೆ ಹೊಂಡಕ್ಕೇ ಸುರಿದರು. ಬಿಸಿಲೇರುವ ತನಕ ಸುರಿದರು. ಅವಳ ರಟ್ಟೆ ಬಿದ್ದುಹೋದವು, ಭಯ ಮಾತ್ರ ಹೋಗಲಿಲ್ಲ. ಕೊನೆಗೆ ಆ ಬಾಯಿಗಳು ಒಂದೊಂದಾಗಿ ಮುಳುಗಿದವು.

ಅಷ್ಟರಲ್ಲಿ ಮರಿಯಪ್ಪನ ಫೋನ್ ಬಂತು. "ಮೀನು ಹೆಂಗವೆಯೇ?"

ಅವಳು ಹೊಂಡವನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ನೀರು ಅಲುಗಾಡುತ್ತಿರಲಿಲ್ಲ.

"ಎರಡ್ನ ನಾನೇ ಕೊಂದ್ಬುಟ್ಟೆ" ಅಂದಳು. "ಮಿಕ್ಕಿದ್ದು ಒಂದೂ ಕಾಣಾಕಿಲ್ಲ."

"ಕಾಣ್ದಿದ್ರೆ ಬದುಕವೆ ಬುಡು."

ಫೋನನ್ನು ಕಿವಿಗೆ ಒತ್ತಿಕೊಂಡೇ ಅವಳು ಹೊಂಡದ ಅಂಚಿನಲ್ಲಿ ಕುಸಿದು ಕೂತಳು. ಹಿಂದಿನ ವರ್ಷ ಹುಳು ಸತ್ತಾಗ ಬಾರದಿದ್ದ ಅಳು ಈಗ ಬಂತು.