ಗಾಲಿಗೆ ಕೊಟ್ಟ ಕಲ್ಲು

ನಮ್ಮ ಮನೆಮಂದಿಯೆಲ್ಲ ಊರೂರು ಅಲೆಯಲು ಶುರು ಮಾಡಿದ್ದು ವಿಮಾನ ನಿಲ್ದಾಣ ಬಂದ ಮೇಲೆ. ದೇವನಹಳ್ಳಿ ಕಡೆಯ ನಮ್ಮ ಊರು ಪೂರ್ತಿಯಾಗಿ ಅದರ ಬೇಲಿಯೊಳಕ್ಕೆ ಹೋಯಿತು. ನಮ್ಮನ್ನೆಲ್ಲ ಒಂದು ಹೊಸ ಲೇಔಟಿನಲ್ಲಿ, ಅಳತೆ ಹಾಕಿದ ಸೈಟುಗಳಲ್ಲಿ ಕೂರಿಸಿದರು. ಅಪ್ಪ ಹಳೆಯ ಊರಿನ ಯಜಮಾನ. ಲೇಔಟಿಗೂ ಒಂದು ಗಡಿಕಲ್ಲು ನೆಟ್ಟು ಪೂಜೆ ಮಾಡೋಣವೆಂದು ನಾಲ್ಕು ಜನ ಕೇಳಲು ಬಂದಾಗ ಅಪ್ಪ ಕುರ್ಚಿಯಿಂದ ಏಳಲೂ ಇಲ್ಲ.

“ಕಲ್ಲು ನೆಡಕ್ಕೆ ಇದೊಂದು ಊರೇನ್ರಯ್ಯಾ? ಬೀದಿಗೆ ಹೆಸರಿಲ್ಲ, ನಂಬರ್ ಹಾಕವ್ರೆ. ಇಲ್ಲಿಗೆ ಗಡಿಗಿಡಿ ಏನೂ ಬ್ಯಾಡ, ಹೋಗಿ.”

ಅಪ್ಪ ಬೇಡ ಎಂದ ಮೇಲೆ ಮುಗಿಯಿತು. ಬಂದವರು ಕಾಫಿ ಕುಡಿದು ಹೋದರು. ಆ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ.

ಆ ಮನೆಯಲ್ಲಿ ಅಪ್ಪನಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದ ನನ್ನ ತಮ್ಮ ಇದನ್ನು ನೋಡಲಾರದೆ ಒಂದು ಹಳೆಯ ಟೆಂಪೊ ಟ್ರಾವೆಲರ್ ತಂದ. ಸೀಟುಗಳನ್ನು ಕೀಳಿಸಿ, ಹೊಸಕೋಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಮಂಚ ಕೂರಿಸಿದ. ಒಂದು ಸಣ್ಣ ಸಿಲಿಂಡರ್, ನೀರಿನ ಡ್ರಮ್ಮು, ಕಿಟಕಿಗೆ ಅಮ್ಮನ ಹಳೆಯ ಸೀರೆಯ ಪರದೆ. ಲೇಔಟಿನ ಹುಡುಗರು ಅದನ್ನು ಕ್ಯಾರವಾನ್ ಎಂದು ರೇಗಿಸಿದರೆ ಅಮ್ಮ ಮನೆಗಾಡಿ ಎನ್ನುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಮ್ಮು. ನನಗೆ ರಜೆ ಬಂದರೆ ನಾಲ್ವರೂ ಹೊರಡುತ್ತಿದ್ದೆವು. ಕಾರವಾರ, ಮಲ್ಪೆ, ಒಂದು ಸಲ ಸಂಡೂರಿನ ಗುಡ್ಡದ ಬುಡ. ಪ್ರವಾಸದ ಖುಷಿ ಅಂತ ಸುಳ್ಳು ಬರೆಯಲಾರೆ. ಮನೆಯಲ್ಲಿರಲಾಗದೆ ಹೋಗುತ್ತಿದ್ದೆವು, ಅಷ್ಟೆ. ಅಪ್ಪ ಸಮುದ್ರಕ್ಕೆ ಬೆನ್ನು ಹಾಕಿ ಕೂರುತ್ತಿದ್ದ. “ಏನೈತೆ ಅದ್ರಲ್ಲಿ? ಕುಡಿಯಕ್ಕಾಗಲ್ಲ, ಗದ್ದೆಗೆ ಬಿಡಕ್ಕಾಗಲ್ಲ” ಎನ್ನುತ್ತಿದ್ದ.

ಅಪ್ಪನದು ಒಂದೇ ಕೆಲಸ. ಗಾಡಿ ನಿಂತ ಕೂಡಲೇ ಇಳಿದು, ನಾಲ್ಕು ಕಲ್ಲು ಹುಡುಕಿ ತಂದು ಗಾಲಿಗಳಿಗೆ ಕೊಡುವುದು. ಕೈ ಕೊಡವಿಕೊಂಡು, “ಇವತ್ತಿಗೆ ಇದೇ ನಮ್ಮೂರ ಗಡಿ” ಎನ್ನುವುದು. ನಾವು ನಗುತ್ತಿದ್ದೆವು.

ಗಡಿಯ ಮಾತನ್ನು ಅಪ್ಪ ತಮಾಷೆಗೆ ಆಡುತ್ತಿದ್ದುದು ಗಾಡಿಯ ಪಕ್ಕದಲ್ಲಿ ಮಾತ್ರ. ನಮ್ಮಲ್ಲಿ ಊರ ಹೊರಗೆ ಸತ್ತವರನ್ನು ಗಡಿಕಲ್ಲು ದಾಟಿಸಿ ಒಳಗೆ ತರುವುದಿಲ್ಲ. ನನಗೆ ಏಳು ವರ್ಷವಾಗಿದ್ದಾಗ ಚಿಕ್ಕಪ್ಪ ಕಾಮಾಲೆಯಿಂದ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಹೆಣ ತಂದಾಗ ಕಲ್ಲಿನ ಹತ್ತಿರ ಅಡ್ಡ ನಿಂತವನು ಅಪ್ಪನೇ, ಒಡಹುಟ್ಟಿದ ಅಣ್ಣ. ಚಿಕ್ಕಮ್ಮ ಕಾಲು ಹಿಡಿದುಕೊಂಡು, ಒಂದು ಗಳಿಗೆ ಮನೆಯೊಳಗೆ ಮಲಗಿಸುತ್ತೇನೆ ಎಂದು ಗೋಳಾಡಿದಳು. ಅಪ್ಪ ಬಿಡಲಿಲ್ಲ. ಕಲ್ಲಿನಾಚೆಯ ಹೊಂಗೆಮರದ ಕೆಳಗೆ, ಜಿಟಿಜಿಟಿ ಮಳೆಯಲ್ಲಿ, ಟಾರ್ಪಾಲು ಹೊದಿಸಿ ಚಿಕ್ಕಪ್ಪನನ್ನು ಮಲಗಿಸಿದ್ದರು. ಹೊರಗೆ ಉಳಿದಿದ್ದ ಅವನ ಪಾದಗಳು ನೆನೆಯುತ್ತಿದ್ದವು. ಆಮೇಲೆ ಊರು ಬಿಡುವವರೆಗೂ ಅಪ್ಪ ಆ ಮರದ ಕೆಳಗೆ ಹಾದು ಹೋಗಲಿಲ್ಲ, ತೋಟದ ಬಳಸುದಾರಿ ಹಿಡಿಯುತ್ತಿದ್ದ.

ಕೊನೆಯ ಸಲ ನಾವು ಹೋದದ್ದು ಕುಂದಾಪುರದ ಆಚೆಗಿನ ಒಂದು ಕಡಲತೀರಕ್ಕೆ. ತೆಂಗಿನ ತೋಟದ ಅಂಚಿನಲ್ಲಿ ಗಾಡಿ ನಿಲ್ಲಿಸಲು ಜಾಗ ಕೊಡುತ್ತಿದ್ದ ಒಬ್ಬ ಹೆಂಗಸು ನಮ್ಮನ್ನು ಇಳಿಸಿಕೊಂಡಳು. ಎರಡನೆಯ ದಿನ ಬೆಳಗ್ಗೆ ಅಪ್ಪ ಮುಖ ತೊಳೆಯಲು ಹೋದವನು ಮರಳಿನ ಮೇಲೆ ಕುಸಿದು ಕೂತ. ಮೈಯೆಲ್ಲ ಬೆವರು. ಎಡಗೈ ಎತ್ತಲಾಗುತ್ತಿಲ್ಲ. ಹೃದಯದ ಪಾಠವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಮಾಡುವವಳಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

“ಇಲ್ಲೇ ಆಸ್ಪತ್ರೆ ಉಂಟು, ಹತ್ತು ನಿಮಿಷ. ಮೊದ್ಲು ಅಲ್ಲಿಗೆ ಹೋಗಿ, ನಾನು ಫೋನ್ ಮಾಡ್ತೇನೆ” ಎಂದು ತೋಟದ ಹೆಂಗಸು ದಾರಿ ತೋರಿಸಿದಳು.

ತಮ್ಮ ಗಾಲಿಯ ಕಲ್ಲುಗಳನ್ನು ಕಾಲಿನಿಂದಲೇ ತಳ್ಳಿ ಗಾಡಿ ಹತ್ತಿದ. ಮಂಚದ ಮೇಲೆ ಮಲಗಿಸುವಾಗ ಅಪ್ಪ ನನ್ನ ಕೈ ಹಿಡಿದುಕೊಂಡ.

“ನನ್ನ ಆಚೆ ಮಲಗಿಸ್ಬೇಡ ಕಣಮ್ಮಿ. ಮನೆ ಸೇರಿಸ್ಬಿಡು.”

ಅಮ್ಮ ನನ್ನ ಮುಖ ನೋಡಿದಳು, ತಮ್ಮನೂ ನೋಡಿದ. ನಾನು ಓದಿದವಳು, ಮನೆಯಲ್ಲಿ ನನ್ನ ಮಾತೇ ಕೊನೆ. ನನ್ನ ಕಣ್ಣಿಗೆ ಕಾಣುತ್ತಿದ್ದುದು ಟಾರ್ಪಾಲಿನ ಹೊರಗೆ ನೆನೆಯುತ್ತಿದ್ದ ಎರಡು ಪಾದಗಳು. ಅಪ್ಪನನ್ನು ಬದುಕಿಸಬೇಕು ಎನ್ನುವುದಕ್ಕಿಂತ ಒಳಗೆ ಸೇರಿಸಬೇಕು ಎನ್ನುವುದೇ ಆಗ ದೊಡ್ಡದಾಯಿತು.

“ಊರಿಗೇ ಹೊಡಿ” ಎಂದೆ.

ನಾನು ಮುಂದಿನ ಸೀಟಿನಲ್ಲಿ ಕೂತೆ. ಹಿಂದೆ ಕೂರುವ ಧೈರ್ಯ ಬರಲಿಲ್ಲ. ಘಾಟಿ ಹತ್ತುವಾಗ ಅಪ್ಪ ನರಳುತ್ತಿದ್ದುದು ಕೇಳುತ್ತಿತ್ತು. ಶಿವಮೊಗ್ಗದಲ್ಲಿ ಒಂದು ಆಸ್ಪತ್ರೆಯ ಬೋರ್ಡು ಕಂಡ ಕೂಡಲೇ ತಮ್ಮ ಗಾಡಿ ನಿಧಾನ ಮಾಡಿದ.

“ಅಕ್ಕಾ, ಇಲ್ಲೊಂದ್ಸಲ ತೋರಿಸ್ಬಿಡಣ್ವಾ?”

“ಒಳಗೆ ಸೇರಿಸ್ಕೊಂಡ್ರೆ ಆಚೆ ಬಿಡಲ್ಲ ಕಣೋ. ಓಡಿಸು.”

ಅವನು ಓಡಿಸಿದ. ಅಳುತ್ತಲೇ ಓಡಿಸಿದ. ಅರಸೀಕೆರೆ ದಾಟಿದ ಮೇಲೆ ಹಿಂದಿನಿಂದ ನರಳಿಕೆ ನಿಂತಿತು. “ಹೆಂಗವ್ರಮ್ಮಾ?” ಎಂದು ಕೇಳಿದೆ. “ನಿದ್ದೆ ಹತ್ತೈತೆ. ನೀನು ಮುಂದೆ ನೋಡು” ಎಂದಳು ಅಮ್ಮ. ತುಮಕೂರಿನಲ್ಲಿ ಕೇಳಿದಾಗಲೂ ಅದೇ ಉತ್ತರ, ದೊಡ್ಡಬಳ್ಳಾಪುರದಲ್ಲೂ ಅದೇ. ತಿರುಗಿ ನೋಡಿದಾಗ ಅಮ್ಮ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ನನಗೆ ಅಷ್ಟು ಸಾಕಾಯಿತು. ಹೆಚ್ಚು ನೋಡಲು ಮನಸ್ಸಾಗಲಿಲ್ಲ.

ಲೇಔಟಿನ ಬಾಯಿಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ನಾನು ದಾರಿಯಿಂದಲೇ ಫೋನ್ ಮಾಡಿದ್ದರಿಂದ ಜನ ಸೇರಿದ್ದರು. ಅಪ್ಪನ ದಾಯಾದಿ, ನಾವು ದೊಡ್ಡಪ್ಪ ಎಂದು ಕರೆಯುವ ಮುದುಕ, ಮುಂದೆ ಬಂದು ಗಾಡಿಯ ಬಾಗಿಲು ತೆಗೆದು ಅಪ್ಪನ ಪಾದ ಮುಟ್ಟಿದ.

“ಜೀವ ಐತೆ ಭಾವಾ. ಈಗ ತಾನೆ ನೀರು ಕೇಳಿದ್ರು. ಜೀವ ಐತೆ, ಒಳಕ್ಕೆ ಬಿಡಿ” ಎಂದಳು ಅಮ್ಮ. ಗಾಳಿ ಹಾಕುವುದನ್ನು ಇನ್ನೂ ನಿಲ್ಲಿಸಿರಲಿಲ್ಲ.

ದೊಡ್ಡಪ್ಪ ಪಾದದ ಮೇಲಿಂದ ಕೈ ತೆಗೆಯಲಿಲ್ಲ. “ಎಷ್ಟೊತ್ತಾಯ್ತವ್ವಾ?”

ಅಮ್ಮನ ಕೈ ನಿಂತಿತು. “ಅರಸೀಕೆರೆ” ಎಂದಳು.

“ಯಾಕವ್ವಾ ಹಿಂಗೆ ಮಾಡ್ದೆ? ಇಲ್ಲೆಲ್ಲೈತೆ ಗಡಿ? ಕಲ್ಲು ನೆಡಬ್ಯಾಡಿ ಅಂದೋನು ಇವನೇ ಅಲ್ವಾ? ಹೋದ ಸಂಕ್ರಾಂತಿ ಆದ್ಮೇಲೆ ಮೂರನೇ ಬೀದಿಯೋರು ಆಸ್ಪತ್ರೆಯಿಂದ ಹೆಣ ತಂದು ನಡುಮನೇಲೇ ಇಕ್ಕಿದ್ರು. ಇವನೂ ಹೋಗಿ ಹೂವ ಹಾಕ್ಬಂದ. ತನ್ನಿ, ಒಳಕ್ಕೆ ತನ್ನಿ.”

ಆ ಸಾವಿಗೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಹೂವಿನ ಹಾರ ಹಿಡಿದುಕೊಂಡಿದ್ದವಳು ನಾನೇ. ಅವತ್ತು ಬೆಳಗ್ಗೆ ಆ ಕಡಲತೀರದಲ್ಲಿ ನಮ್ಮ ಮೂವರಲ್ಲಿ ಒಬ್ಬರಿಗೂ ಇದು ನೆನಪಾಗಲಿಲ್ಲ. ಅಪ್ಪನಿಗೂ ಆಗಲಿಲ್ಲ. ಇಲ್ಲದ ಕಲ್ಲಿಗೆ ಹೆದರಿ ನಾನು ದಾರಿಯ ಆಸ್ಪತ್ರೆಗಳನ್ನೆಲ್ಲ ದಾಟಿಸಿಕೊಂಡು ಬಂದಿದ್ದೆ.

ಅಪ್ಪನನ್ನು ನಡುಮನೆಯ ಟೈಲ್ಸಿನ ಮೇಲೆ, ಚಾಪೆ ಹಾಸಿ ಮಲಗಿಸಿದರು. ಯಾರೂ ಅಡ್ಡ ಬರಲಿಲ್ಲ. ಚಿಕ್ಕಮ್ಮ ಬಂದು ಅವನ ಪಾದದ ಹತ್ತಿರ ಕೂತಳು. ಅಳಲಿಲ್ಲ, ಸುಮ್ಮನೆ ಪಾದ ನೋಡುತ್ತ ಕೂತಿದ್ದಳು.

ಸಂಜೆ ಹೊತ್ತಿಗೆ ನನ್ನ ಫೋನಿಗೆ ಕರೆ ಬಂತು. ತೋಟದ ಹೆಂಗಸು.

“ಅಜ್ಜ ಹೇಗಿದ್ದಾರೆ? ನಾನು ಹೇಳಿ ಇಟ್ಟಿದ್ದೆ ಮಾರಾಯ್ರೆ. ಡಾಕ್ಟ್ರು ಗಾಲಿಕುರ್ಚಿ ತರಿಸಿ ಬಾಗಿಲಲ್ಲೇ ನಿಂತಿದ್ರಂತೆ. ನೀವು ಬರಲೇ ಇಲ್ವಂತಲ್ಲ, ದಾರಿ ತಪ್ಪಿತಾ?”

ಹೌದು, ತಪ್ಪಿತು ಎಂದೆ.